ವಿಧಿಯೂ ಕ್ರಮವಿಧಿಯೂ

ಮಂಗಳೂರಿನಿಂದ ಮೂಡುಬಿದಿರೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಪೇಟೆಯ ಗದ್ದಲ ಹಿಂದೆ ಸರಿದು ಗುರುಪುರದ ಹೊಳೆ ಇನ್ನೂ ಕಣ್ಣಿಗೆ ಬೀಳುವ ಮೊದಲು, ವಾಮಂಜೂರೆಂಬ ಊರು ಸಿಗುತ್ತದೆ. ಘಟ್ಟದ ಮೇಲಿನ ವಾಚಕರಲ್ಲಿ ಅನೇಕರಿಗೆ ಈ ಹೆಸರು ಹೊಸದಾಗಿರಬಹುದು. ಆಡಳಿತದ ಲೆಕ್ಕದಲ್ಲಿ ಇದು ಮಂಗಳೂರು ಮಹಾನಗರಕ್ಕೆ ಸೇರಿದುದಾದರೂ ತೆಂಗು ಕಂಗುಗಳ ನಡುವೆ ಹಳ್ಳಿಯ ಮುಖವನ್ನು ಇನ್ನೂ ಪೂರ್ತಿಯಾಗಿ ಕಳೆದುಕೊಂಡಿಲ್ಲ. ಇಲ್ಲಿ ೨೦೦೨ರಲ್ಲಿ ಸಂತ ಜೋಸೆಫ್ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಹತ್ತಿರದಲ್ಲಿಯೇ ಪಿಲಿಕುಳವಿದೆ. ತುಳುವಿನಲ್ಲಿ ಪಿಲಿಯೆಂದರೆ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವೆಂದು ಹೆಸರಿನ ಅರ್ಥ. ಆ ನಿಸರ್ಗಧಾಮದಲ್ಲಿ ಒಂದು ಕಡೆ ಕುಂಬಾರ, ನೇಕಾರ ಮೊದಲಾದವರ ಕಸುಬುಗಳನ್ನು ಜನರಿಗೆ ತೋರಿಸುವ ಕುಶಲಕರ್ಮಿಗಳ ಗ್ರಾಮವುಂಟು. ಇನ್ನೊಂದು ಕಡೆ ವಿಜ್ಞಾನಕೇಂದ್ರವೂ, ೨೦೧೮ರಲ್ಲಿ ತೆರೆದ ತಾರಾಲಯವೂ ಉಂಟು. ಮಗ್ಗದ ಎದುರು ನಿಂತ ಮಗುವೇ ಅರ್ಧಗಳಿಗೆಯಲ್ಲಿ ಕಂಪ್ಯೂಟರು ನಡೆಸುವ ನಕ್ಷತ್ರಗಳ ಕೆಳಗೆ ಕುಳಿತುಕೊಳ್ಳಬಹುದು.

ಈ ಊರಿನ ಮಗುವೊಂದು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿ ಭಾಷೆಯನ್ನೋ ಆಡುತ್ತದೆ. ಕನ್ನಡ ಶಾಲೆಗೆ ಹೋದರೆ ಪಾಠವನ್ನು ಕನ್ನಡದಲ್ಲಿ ಕಲಿಯುತ್ತದೆ. ದಾರಿಯಲ್ಲಿ ನಡೆಯುವಾಗ ಇಂಜಿನಿಯರಿಂಗ್ ಕಾಲೇಜಿನ ಕಟ್ಟಡವನ್ನು ನೋಡುತ್ತದೆ. ಅಲ್ಲಿ ಕಲಿಸುವ ವಿದ್ಯೆಗಳಲ್ಲೊಂದು, ಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ವಿದ್ಯೆ. ಇಂಗ್ಲಿಷಿನಲ್ಲಿ ಪ್ರೋಗ್ರಾಮಿಂಗ್ ಎಂದೂ, ಪೇಟೆಯ ಮಾತಿನಲ್ಲಿ ಕೋಡಿಂಗ್ ಎಂದೂ ಕರೆಯುವ ಇದಕ್ಕೆ ಕನ್ನಡದಲ್ಲಿ ಕ್ರಮವಿಧಿಯ ರಚನೆ ಎಂದು ಹೇಳುವುದುಂಟು. ಹದಿನೆಂಟು ವರ್ಷ ತುಂಬಿದ ಮೇಲೆ, ಶುಲ್ಕ ಕೊಡಬಲ್ಲವರಿಗೆ ದೊರೆಯುವ ಈ ವಿದ್ಯೆಯನ್ನು ಹತ್ತು ಹನ್ನೆರಡು ವರ್ಷದ ಎಲ್ಲ ಮಕ್ಕಳಿಗೂ ಶಾಲೆಯಲ್ಲಿಯೇ ಕಲಿಸತಕ್ಕದ್ದೇ? ಕಲಿಸುವುದಾದರೆ ಯಾವ ಕಾರಣಕ್ಕಾಗಿ? ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ. ಧರ್ಮದ ವಿಚಾರವಿರುವುದು ಎರಡನೆಯದರಲ್ಲಿ.

ನಮ್ಮ ದೇಶದಲ್ಲಿ ಈ ಪ್ರಯತ್ನ ತೀರ ಹೊಸದೇನಲ್ಲ. ೧೯೮೪ರಲ್ಲಿಯೇ ಕೇಂದ್ರಸರಕಾರವು ಕ್ಲಾಸ್ ಎಂಬ ಹೆಸರಿನ ಯೋಜನೆಯಲ್ಲಿ ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೆಲವು ನೂರು ಶಾಲೆಗಳಿಗೆ ಹಂಚಿತ್ತು. ಯಂತ್ರಗಳು ಬಂದವು, ಅವುಗಳಿಂದ ಏನನ್ನು ಕಲಿಸಬೇಕೆಂಬುದು ಸ್ಪಷ್ಟವಾಗಲಿಲ್ಲ. ೨೦೨೦ರ ಜುಲೈ ತಿಂಗಳಿನಲ್ಲಿ ಅಂಗೀಕೃತವಾದ ರಾಷ್ಟ್ರೀಯ ಶಿಕ್ಷಣನೀತಿಯು ಆರನೆಯ ತರಗತಿಯಿಂದ ಆರಂಭವಾಗುವ ಮಾಧ್ಯಮಿಕ ಹಂತದಲ್ಲಿ ಕೋಡಿಂಗ್ ಚಟುವಟಿಕೆಗಳಿರಲೆಂದು ಹೇಳಿತು. ಕರ್ನಾಟಕವು ೨೦೨೩ರಲ್ಲಿ ಆ ನೀತಿಯನ್ನು ಬದಿಗಿಟ್ಟು ತನ್ನದೇ ನೀತಿಗಾಗಿ ಆಯೋಗವೊಂದನ್ನು ನೇಮಿಸಿತು. ಆಯೋಗವು ೨೦೨೫ರ ಆಗಸ್ಟಿನಲ್ಲಿ ವರದಿಯೊಪ್ಪಿಸಿತು. ಇಂಗ್ಲೆಂಡು ೨೦೧೪ರ ಸೆಪ್ಟೆಂಬರಿನಿಂದ ಐದು ವರ್ಷದ ಮಕ್ಕಳಿಗೂ ಇದನ್ನು ಕಡ್ಡಾಯ ಮಾಡಿತು. ಸರಕಾರಗಳ ನೀತಿಗಳು ಬರುತ್ತವೆ, ಹೋಗುತ್ತವೆ. ಗೃಹಸ್ಥನು ತನ್ನ ಮಗುವಿನ ವಿಷಯದಲ್ಲಿ ಮಾಡಬೇಕಾದ ವಿಚಾರ ಅವುಗಳಿಗಾಗಿ ಕಾಯುವಂಥದಲ್ಲ.

ಸಾಮಾನ್ಯವಾಗಿ ಮುಂದಿಡುವ ಕಾರಣ ಒಂದೇ: ಈ ವಿದ್ಯೆಯಿಂದ ಹಣ ಬರುತ್ತದೆ. ಬೆಂಗಳೂರಿನಲ್ಲಿ ಕೆಲಸ, ಅಮೆರಿಕೆಯಲ್ಲಿ ಮನೆ. ೨೦೨೦ರಲ್ಲಿ, ರೋಗದ ಭಯದಿಂದ ಶಾಲೆಗಳೆಲ್ಲ ಮುಚ್ಚಿದ್ದ ಕಾಲದಲ್ಲಿ, ಆರು ವರ್ಷದ ಮಗುವೂ ಕೋಡಿಂಗ್ ಕಲಿಯದಿದ್ದರೆ ಹಿಂದೆ ಬೀಳುವುದೆಂದು ಹೆದರಿಸುವ ಜಾಹೀರಾತುಗಳು ಮನೆಮನೆಗೆ ನುಗ್ಗಿದವು. ಎಳೆಯ ಹುಡುಗನೊಬ್ಬ ಕೋಟಿಗಟ್ಟಲೆ ಸಂಪಾದಿಸಿದನೆಂಬ ಕಥೆಗಳು ಹಬ್ಬಿದವು. ಅಂಥ ಹುಡುಗನು ಇದ್ದುದೇ ಇಲ್ಲವೆಂಬುದು ಆಮೇಲೆ ತಿಳಿಯಿತು. ಜಾಹೀರಾತುಗಳ ಸತ್ಯಾಸತ್ಯವನ್ನು ನೋಡುವ ಭಾರತೀಯ ಮಂಡಳಿಯು ಅವುಗಳಲ್ಲಿ ಕೆಲವನ್ನು ಹಿಂದೆಗೆದುಕೊಳ್ಳುವಂತೆ ಹೇಳಬೇಕಾಯಿತು. ಸಾಲ ಮಾಡಿ ಶುಲ್ಕ ಕಟ್ಟಿದ ತಂದೆತಾಯಿಗಳು ಎಷ್ಟೋ ಮಂದಿ. ಮಗುವಿನ ಮೇಲಿನ ಪ್ರೀತಿಯನ್ನೇ ಬಂಡವಾಳ ಮಾಡಿಕೊಳ್ಳುವ ವ್ಯಾಪಾರಕ್ಕಿಂತ ಹೀನವಾದ ವ್ಯಾಪಾರವನ್ನು ಊಹಿಸುವುದು ಕಷ್ಟ.

ಕಾಯಕವೆಂಬ ಮಾತಿಗೆ ಶರಣರು ಕೊಟ್ಟ ಅರ್ಥವನ್ನು ಬಲ್ಲವರಿಗೆ ಇದರಲ್ಲಿನ ದೋಷ ಥಟ್ಟನೆ ಹೊಳೆಯುತ್ತದೆ. ಸಂಪಾದನೆ ಹೇಯವೆಂದು ಶರಣರು ಹೇಳಲಿಲ್ಲ. ದುಡಿಯದೆ ಉಣ್ಣುವುದನ್ನು ಅವರು ಒಪ್ಪಲಿಲ್ಲ. ಆದರೆ ಹುಲ್ಲಿನ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನವರ ಕಾಯಕಕ್ಕೂ ರಾಜಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರ ಕಾಯಕಕ್ಕೂ ಅವರು ಮೇಲುಕೀಳೆಣಿಸಲಿಲ್ಲ. ಇಂದು ಕೋಡಿಂಗ್ ಒಂದೇ ವಿದ್ಯೆ, ಉಳಿದುವೆಲ್ಲ ಹಿಂದುಳಿದವರ ಪಾಲು ಎಂದು ಮಗುವಿನ ಕಿವಿಯಲ್ಲಿ ಊದಿದರೆ, ಹಳೆಯ ಜಾತಿಯ ಏಣಿಯನ್ನು ಇಳಿಸಿ ಹೊಸದೊಂದು ಏಣಿಯನ್ನು ನಿಲ್ಲಿಸಿದಂತಾಗುವುದು. ಕುಂಬಾರನ ಮಗ ತಂದೆಯ ಚಕ್ರವನ್ನು ನೋಡಿ ನಾಚುವಂತಾದರೆ ಆ ಶಿಕ್ಷಣವು ಅವನಿಗೆ ಏನನ್ನು ಕೊಟ್ಟಿತು? ಅಲ್ಲದೆ, ಎಲ್ಲ ಮಕ್ಕಳೂ ಈ ಕೆಲಸಕ್ಕೆ ಹೋಗಲಾರರು, ಹೋಗಬೇಕಾದುದೂ ಇಲ್ಲ. ಕೆಲಸಕ್ಕಾಗಿಯೇ ಕಲಿಸುವುದಾದರೆ ಎಲ್ಲರಿಗೂ ಕಲಿಸುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಹಾಗಾದರೆ ಬೇರೆ ಕಾರಣವುಂಟೇ? ಅದನ್ನು ಕಾಣಬೇಕಾದರೆ ವಿದ್ಯೆಯ ಸ್ವರೂಪವನ್ನು ಸ್ವಲ್ಪ ನೋಡಬೇಕು.

ಯಂತ್ರವು ತಾನಾಗಿ ಏನನ್ನೂ ಬಲ್ಲದು ಅಲ್ಲ. ಮಾಡಬೇಕಾದ ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು, ಒಂದರ ಹಿಂದೊಂದಾಗಿ, ಎಲ್ಲಿಯೂ ಸಂದೇಹಕ್ಕೆ ಎಡೆಯಿಲ್ಲದಂತೆ ಬರೆದುಕೊಟ್ಟರೆ ಅದು ಹಾಗೆಯೇ ನಡೆಯುತ್ತದೆ. ಹಾಗೆ ಬರೆದುದೇ ಕ್ರಮವಿಧಿ. ಇದರ ಮೂಲವನ್ನು ಹುಡುಕಿಕೊಂಡು ಹೊರಟರೆ ಪಿಲಿಕುಳದ ಮಗ್ಗದ ಬಳಿಗೇ ಬಂದು ನಿಲ್ಲಬೇಕಾಗುವುದು ಸ್ವಾರಸ್ಯದ ಸಂಗತಿ. ೧೮೦೪ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ಎಂಬವನು ರಟ್ಟಿನ ಹಾಳೆಗಳಲ್ಲಿ ತೂತು ಕೊರೆದು, ಆ ತೂತುಗಳ ಪ್ರಕಾರ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂಬುದನ್ನು ಮಗ್ಗಕ್ಕೆ ತಿಳಿಸುವ ಉಪಾಯ ಕಂಡನು. ಹಾಳೆ ಬದಲಾಯಿಸಿದರೆ ಅದೇ ಮಗ್ಗದಲ್ಲಿ ಬೇರೆ ಚಿತ್ತಾರ. ಇಂಗ್ಲೆಂಡಿನ ಬ್ಯಾಬೇಜನು ಲೆಕ್ಕದ ಯಂತ್ರಕ್ಕೆ ಅದೇ ಹಾಳೆಗಳನ್ನು ಎರವಲು ತಂದನು. ಆ ಯಂತ್ರ ಎಂದೂ ಪೂರ್ತಿಯಾಗಿ ಕಟ್ಟಿಯಾಗದಿದ್ದರೂ, ೧೮೪೩ರಲ್ಲಿ, ಏಡಾ ಲವ್‌ಲೇಸ್ ಎಂಬ ಹೆಂಗಸು ಅದು ನಡೆಯಬೇಕಾದ ಹೆಜ್ಜೆಗಳನ್ನು ಕಾಗದದ ಮೇಲೆ ಬರೆದಿಟ್ಟಳು. ಜೇಡರ ದಾಸಿಮಯ್ಯನವರ ಕಾಯಕದ ಉಪಕರಣದಿಂದಲೇ ಈ ವಿದ್ಯೆ ಹುಟ್ಟಿತೆಂದರೆ ಕೈಕಸುಬಿಗೂ ಬುದ್ಧಿಯ ಕೆಲಸಕ್ಕೂ ನಡುವೆ ಗೋಡೆ ಕಟ್ಟುವವರು ಸ್ವಲ್ಪ ಯೋಚಿಸಬೇಕಾಗುವುದು.

ಮಕ್ಕಳಿಗೆ ಇದನ್ನು ಕಲಿಸಬಹುದೆಂದು ಮೊದಲು ದೃಢವಾಗಿ ನಂಬಿದವರಲ್ಲಿ ಸೀಮೂರ್ ಪೇಪರ್ಟ್ ಪ್ರಮುಖರು. ಅವರೂ ಅವರ ಜೊತೆಗಾರರೂ ೧೯೬೭ರಲ್ಲಿ ಲೋಗೋ ಎಂಬ ಭಾಷೆಯನ್ನು ರಚಿಸಿದರು. ಅದರಲ್ಲಿ ಮಗುವು ಆಮೆಯೊಂದನ್ನು ನಡೆಸುತ್ತದೆ. ಮುಂದೆ ನೂರು ಹೆಜ್ಜೆ ಹೋಗು, ಬಲಕ್ಕೆ ತೊಂಬತ್ತು ಅಂಶ ತಿರುಗು, ಹೀಗೆ ನಾಲ್ಕು ಸಲ ಮಾಡು ಎಂದರೆ ಚೌಕವೊಂದು ಮೂಡುತ್ತದೆ. ತಿರುಗುವ ಅಳತೆಯಲ್ಲಿ ತಪ್ಪಿದರೆ ಚೌಕವಾಗದು. ಆಮೆಯ ಮೇಲೆ ಸಿಟ್ಟಾಗಿ ಫಲವಿಲ್ಲ. ಅದು ಹೇಳಿದುದನ್ನೇ ಮಾಡಿದೆ. ಮನಸ್ಸಿನಲ್ಲಿದ್ದುದು ಒಂದು, ಬಾಯಿಂದ ಬಂದುದು ಇನ್ನೊಂದು. ಈ ಎರಡರ ನಡುವಣ ಅಂತರ ಅಲ್ಲಿ ಚಿತ್ರವಾಗಿ ಕಣ್ಣೆದುರು ನಿಲ್ಲುತ್ತದೆ. ನುಡಿಗೂ ನಡೆಗೂ ಹೊಂದಿಕೆಯಿರಬೇಕೆಂದು ಒತ್ತಿಒತ್ತಿ ಹೇಳಿದ ಪರಂಪರೆಯವರಿಗೆ ಇಂಥ ಅಭ್ಯಾಸದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಯಂತ್ರದ ಎದುರಿನ ನುಡಿ ನಡೆಯು ಶೀಲದ ನುಡಿ ನಡೆಗೆ ಸಮಾನವೆಂದಲ್ಲ. ಮಾತನ್ನು ಅಳೆದು ತೂಗಿ ಆಡುವ ಪಾಠ ಎಲ್ಲಿಂದ ಬಂದರೂ ಒಳ್ಳೆಯದೆಂದಷ್ಟೆ.

ಇನ್ನೊಂದು ಗುಣ ಇದಕ್ಕಿಂತಲೂ ದೊಡ್ಡದು. ನಮ್ಮ ಶಾಲೆಗಳಲ್ಲಿ ತಪ್ಪೆಂದರೆ ಕೆಂಪು ಗೀಟು, ಬೈಗುಳ, ಪಕ್ಕದ ಹುಡುಗರ ನಗೆ. ಕ್ರಮವಿಧಿಯನ್ನು ಬರೆಯುವವನು ದಿನವೂ ತಪ್ಪುತ್ತಾನೆ, ನುರಿತವನೂ ತಪ್ಪುತ್ತಾನೆ. ಅಲ್ಲಿ ತಪ್ಪು ಪಾಪವಲ್ಲ, ಹುಡುಕಬೇಕಾದ ವಸ್ತು. ಯಾವ ಹೆಜ್ಜೆಯಲ್ಲಿ ಕೆಟ್ಟಿತು ಎಂದು ಹಿಂದಕ್ಕೆ ನಡೆದು ನೋಡಿ, ತಿದ್ದಿ, ಮತ್ತೆ ನಡೆಸಿ ನೋಡುವುದು. ಸುಳ್ಳು ಹೇಳಿ ತಪ್ಪನ್ನು ಮುಚ್ಚಿಟ್ಟರೆ ಯಂತ್ರವು ಓಡದು. ಈ ಸ್ವಭಾವ ಲೆಕ್ಕದ ಪಾಠಕ್ಕೂ, ಒಕ್ಕಲುತನಕ್ಕೂ, ಸಂಸಾರಕ್ಕೂ ಬಂದರೆ ಎಷ್ಟು ಚೆನ್ನು!

ಇಷ್ಟನ್ನು ಹೇಳಿದರೂ ಮುಖ್ಯ ಕಾರಣ ಇನ್ನೂ ಬಂದಿಲ್ಲ.

ಕನ್ನಡದಲ್ಲಿ ವಿಧಿ ಎಂಬ ಶಬ್ದಕ್ಕೆ ಎರಡು ಅರ್ಥ. ಒಂದು, ಹೀಗೆ ಮಾಡತಕ್ಕದ್ದೆಂಬ ನಿಯಮ. ಇನ್ನೊಂದು, ಹಣೆಯ ಬರಹ. ಮೊದಲನೆಯದನ್ನು ಮನುಷ್ಯರು ಬರೆಯುತ್ತಾರೆ. ಎರಡನೆಯದನ್ನು ಯಾರೂ ಅಳಿಸಲಾರರೆಂದು ನಂಬಿಕೆ. ಮೊದಲನೆಯದು ಎರಡನೆಯದರ ವೇಷ ತೊಟ್ಟು ಬಂದಾಗ ಜನರು ಮೋಸ ಹೋಗುತ್ತಾರೆ. ತಿಥಿ, ವಾರ, ನಕ್ಷತ್ರ, ಲಗ್ನಗಳ ಭಯವನ್ನು ಶರಣರು ತಳ್ಳಿಹಾಕಿದುದು ಈ ಕಾರಣಕ್ಕಾಗಿಯೇ; ಮನುಷ್ಯರು ಮನುಷ್ಯರಿಗಾಗಿ ಮಾಡಿದ ಕಟ್ಟಳೆಗಳನ್ನು ಬ್ರಹ್ಮಲಿಪಿಯೆಂದು ಸಾರಿ ಬಡವರನ್ನು ಬಗ್ಗಿಸಿದ್ದರು. ಇಂದು ಅದೇ ಮಾತು ಬೇರೆ ನಾಲಗೆಯಿಂದ ಬರುತ್ತಿದೆ. ತಾಲೂಕು ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ ಹಳ್ಳಿಯ ಮುದುಕಿಗೆ ಸಿಗುವ ಉತ್ತರ: “ಕಂಪ್ಯೂಟರ್ ತಗೊಳ್ತಾ ಇಲ್ಲ ಅಮ್ಮ, ನಾವೇನು ಮಾಡೋಣ?”

ಆಕೆ ಮಾತಿಲ್ಲದೆ ಹಿಂದಿರುಗುತ್ತಾಳೆ. ಗುಮಾಸ್ತನೊಡನೆ ವಾದಿಸಬಹುದು, ಯಂತ್ರದೊಡನೆ ಯಾರು ವಾದಿಸುವರು? ಹೆಬ್ಬೆಟ್ಟಿನ ಕಥೆಯನ್ನೇ ನೋಡಿ. ಅಕ್ಷರ ಬಾರದ ರೈತನು ಸಾಹುಕಾರನು ಬರೆದ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ. ಅದರಲ್ಲಿ ಏನು ಬರೆದಿತ್ತೆಂಬುದು ಹೊಲ ಹರಾಜಾದಾಗ ತಿಳಿಯುತ್ತಿತ್ತು. ಊರೂರಿಗೆ ಶಾಲೆಗಳನ್ನು ತೆರೆದುದು, ಮಠಗಳು ಪ್ರಸಾದನಿಲಯಗಳನ್ನು ಕಟ್ಟಿ ಬಡಮಕ್ಕಳನ್ನು ಓದಿಸಿದುದು ಆ ಹೆಬ್ಬೆಟ್ಟನ್ನು ಬಿಡಿಸುವುದಕ್ಕಾಗಿ. ಮೂರು ತಲೆಮಾರು ಕಳೆಯುವಷ್ಟರಲ್ಲಿ ಹೆಬ್ಬೆಟ್ಟು ಮತ್ತೆ ಬಂದಿದೆ. ಈಗ ಅದನ್ನು ಗಾಜಿನ ತುಂಡಿನ ಮೇಲೆ ಇಡಬೇಕು. ಜೀವಮಾನವೆಲ್ಲ ದುಡಿದು ಬೆರಳಗೆರೆ ಸವೆದುಹೋದವರನ್ನು ಯಂತ್ರ ಗುರುತಿಸದೆ ಅಕ್ಕಿ ತಪ್ಪಿದ ಪ್ರಸಂಗಗಳು ದೇಶದ ಹಲವು ಕಡೆಗಳಿಂದ ವರದಿಯಾಗಿವೆ. ದುಡಿದುದೇ ಅಪರಾಧವೆಂಬಂತೆ! ಯಂತ್ರಕ್ಕೆ ದ್ವೇಷವಿಲ್ಲ. ಅದರಲ್ಲಿ ಒಬ್ಬರು ಬರೆದಿದ್ದಾರೆ: ಬೆರಳು ಹೊಂದಿದರೆ ಅಕ್ಕಿ ಕೊಡು, ಹೊಂದದಿದ್ದರೆ ಕೊಡಬೇಡ. ಬರೆದವನು ಆ “ಹೊಂದದಿದ್ದರೆ” ಎಂಬಲ್ಲಿ ಒಂದು ಗಳಿಗೆ ನಿಂತು, ಯಾರ ಬೆರಳು ಹೊಂದದಿರಬಹುದೆಂದು ಯೋಚಿಸಿದ್ದರೆ ಇನ್ನೊಂದು ದಾರಿಯನ್ನು ಅಲ್ಲಿ ಸೇರಿಸುತ್ತಿದ್ದ.

ಕ್ರಮವಿಧಿಯನ್ನು ಒಂದೇ ಒಂದು ಸಲ ತನ್ನ ಕೈಯಿಂದ ಬರೆದ ಮಗುವಿಗೆ ಈ “ಆದರೆ”, “ಇಲ್ಲವಾದರೆ” ಎಂಬ ಕವಲು ಗೊತ್ತಿರುತ್ತದೆ. ಯಂತ್ರವು ಒಪ್ಪಲಿಲ್ಲವೆಂಬ ಮಾತು ಕಿವಿಗೆ ಬಿದ್ದಾಗ ಅದು ಕೈಮುಗಿದು ಹೋಗದು. ಈ ಕವಲನ್ನು ಬರೆದವರು ಯಾರು, ಬದಲಾಯಿಸಬೇಕಾದವರು ಯಾರು ಎಂದು ಕೇಳುತ್ತದೆ. ಎಲ್ಲ ಮಕ್ಕಳಿಗೂ ಈ ವಿದ್ಯೆಯ ಮೊದಲ ಪಾಠಗಳನ್ನು ಕಲಿಸತಕ್ಕದ್ದೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ. ಅಕ್ಷರ ಕಲಿತವರೆಲ್ಲ ಗ್ರಂಥಕರ್ತರಾಗುವುದಿಲ್ಲ. ಪತ್ರವನ್ನು ಓದದೆ ರುಜು ಮಾಡದಷ್ಟು ಎಚ್ಚರ ಬಂದರೆ ಸಾಕು.

ಕರ್ನಾಟಕದ ಭೂಮಿ ಯೋಜನೆಯಲ್ಲಿ ಎರಡು ಮುಖಗಳೂ ಕಾಣುತ್ತವೆ. ಶತಮಾನದ ತಿರುವಿನಲ್ಲಿ, ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಅದಕ್ಕೆ ಮುಂಚೆ ಅವು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು; ನಕಲು ಪಡೆಯಲು ರೈತನು ಎಷ್ಟು ಸಲ ತಿರುಗಬೇಕಿತ್ತು, ಏನೇನು ಕೊಡಬೇಕಿತ್ತು ಎಂಬುದು ಹಿರಿಯರಿಗೆ ನೆನಪಿದೆ. ಆ ಕಷ್ಟ ಬಹುಮಟ್ಟಿಗೆ ತಪ್ಪಿತು. ಅದಕ್ಕಾಗಿ ಯಂತ್ರವನ್ನು ಹೊಗಳಲೇಬೇಕು. ಆದರೆ ಹೆಸರಿನ ಒಂದಕ್ಷರ ತಪ್ಪಾಗಿ ಏರಿದ್ದರೆ? ಹಳೆಯ ಪುಸ್ತಕದಲ್ಲಿ ತಪ್ಪಿದ್ದರೆ ಅದು ಲೆಕ್ಕಿಗನ ತಪ್ಪು. ಅಚ್ಚಾಗಿ ಬಂದ ಹಾಳೆಯಲ್ಲಿನ ತಪ್ಪನ್ನು ತಪ್ಪೆಂದು ನಂಬಿಸುವುದೇ ದೊಡ್ಡ ಕೆಲಸವಾಗುತ್ತದೆ.

ಇದು ಬಡದೇಶದ, ಓದದವರ ಕಷ್ಟವೆಂದು ಯಾರಾದರೂ ತಿಳಿದರೆ ಇಂಗ್ಲೆಂಡಿನ ಅಂಚೆಕಚೇರಿಯ ಪ್ರಕರಣವನ್ನು ನೋಡಬೇಕು. ಅಲ್ಲಿ ೧೯೯೯ರಿಂದ ಹೊರೈಜನ್ ಎಂಬ ಲೆಕ್ಕಪತ್ರದ ವ್ಯವಸ್ಥೆಯನ್ನು ಊರೂರಿನ ಅಂಚೆಕಚೇರಿಗಳಲ್ಲಿ ಅಳವಡಿಸಿದರು. ಪೆಟ್ಟಿಗೆಯಲ್ಲಿ ಹಣ ಸರಿಯಾಗಿದ್ದರೂ ಕಂಪ್ಯೂಟರು ಕೊರತೆಯಿದೆಯೆಂದು ತೋರಿಸತೊಡಗಿತು. ಯಂತ್ರವು ಸರಿಯಾಗಿಯೇ ನಡೆದಿದೆಯೆಂದು ನ್ಯಾಯಾಲಯವು ಭಾವಿಸಿಕೊಳ್ಳುವುದು, ಹಾಗಲ್ಲವೆಂದು ತೋರಿಸುವ ಹೊರೆ ಆಪಾದಿತನ ಮೇಲೆ ಬೀಳುವುದು ಆ ದೇಶದ ರೂಢಿ. ೨೦೧೫ರವರೆಗೆ ಒಂಬೈನೂರಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕ ಮೊದಲಾದ ಅಪರಾಧಗಳಿಗಾಗಿ ಶಿಕ್ಷೆಗೊಳಗಾದರು. ಊರಿನಲ್ಲಿ ಮರ್ಯಾದೆಯಿಂದ ಬಾಳಿದವರು ಸೆರೆಮನೆ ಕಂಡರು, ಮನೆಮಾರು ಕಳೆದುಕೊಂಡರು. ಅವರಲ್ಲಿ ಭಾರತದ ಮೂಲದವರೂ ಹಲವರಿದ್ದರು. ತಪ್ಪು ಕ್ರಮವಿಧಿಯಲ್ಲಿತ್ತೆಂದು ೨೦೧೯ರ ಡಿಸೆಂಬರಿನಲ್ಲಿ ಉಚ್ಚನ್ಯಾಯಾಲಯವು ಹೇಳಿತು. ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡಲು ೨೦೨೪ರಲ್ಲಿ ಪಾರ್ಲಿಮೆಂಟು ಶಾಸನವನ್ನೇ ಮಾಡಬೇಕಾಯಿತು. ಓದುಬರಹ ಬಲ್ಲ ದೇಶ, ಹಳೆಯ ನ್ಯಾಯಪದ್ಧತಿ, ಕಲಿತ ವಕೀಲರು. ಇಷ್ಟಿದ್ದೂ ಯಂತ್ರದ ಮಾತಿಗೆ ಎದುರು ನಿಲ್ಲಲು ಇಪ್ಪತ್ತು ವರ್ಷ ಬೇಕಾಯಿತು. ತಪ್ಪು ಮಾಡದವನನ್ನು ಕಳ್ಳನೆಂದು ಕರೆಯುವಾಗ ಯಾರೊಬ್ಬರ ಮನಸ್ಸೂ ಅಳುಕಲಿಲ್ಲವೇಕೆ? ಹೇಳಿದುದು ಮನುಷ್ಯನಲ್ಲ, ಯಂತ್ರ ಎಂಬ ಭ್ರಾಂತಿಯಿಂದ.

ಇದಕ್ಕೆ ಆಕ್ಷೇಪಗಳುಂಟು, ಅವು ಹಗುರವಾದುವಲ್ಲ.

ನೆಟ್ಟಗೆ ಕನ್ನಡ ಓದಲು ಬಾರದ, ಭಾಗಾಕಾರ ಗೊತ್ತಿಲ್ಲದ ಮಕ್ಕಳು ಐದನೆಯ ತರಗತಿಯಲ್ಲಿರುವಾಗ, ಶಾಲೆಯ ಸೂರು ಸೋರುತ್ತಿರುವಾಗ, ಕಂಪ್ಯೂಟರಿನ ಮಾತು ಬಡವನ ಮನೆಗೆ ಬೆಳ್ಳಿಯ ತಟ್ಟೆ ತಂದಂತಲ್ಲವೇ ಎಂದು ಕೇಳುವರು. ಮಾತು ನಿಜ. ಓದು, ಬರಹ, ಲೆಕ್ಕಗಳ ಸಮಯವನ್ನು ಕಿತ್ತುಕೊಂಡು ಇದನ್ನು ಕೊಡುವುದಾದರೆ ಬೇಡವೆನ್ನುವುದೇ ನ್ಯಾಯ. ಆದರೆ ಈ ವಿದ್ಯೆಯ ಮೊದಲ ಪಾಠಗಳಿಗೆ ಯಂತ್ರವೇ ಬೇಕಿಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮೊದಲಾದ ಅಧ್ಯಾಪಕರು ೧೯೯೦ರ ದಶಕದಿಂದಲೂ ಯಂತ್ರವಿಲ್ಲದೆ, ಆಟಗಳಿಂದ ಇದನ್ನು ಕಲಿಸುವ ವಿಧಾನವನ್ನು ಬೆಳೆಸಿದ್ದಾರೆ. ಒಂದು ಸಾವಿರ ಪುಟದ ನಿಘಂಟಿನಲ್ಲಿ ಶಬ್ದವೊಂದನ್ನು ಹುಡುಕಬೇಕು. ಮೊದಲ ಪುಟದಿಂದ ತಿರುವುತ್ತ ಹೋದರೆ ದಿನ ಮುಗಿಯುತ್ತದೆ. ನಡುವಿಗೆ ತೆರೆದು, ಶಬ್ದವು ಅದಕ್ಕೆ ಮೊದಲೋ ಅನಂತರವೋ ನೋಡಿ, ಬೇಡವಾದ ಅರ್ಧವನ್ನು ಬಿಟ್ಟು, ಉಳಿದುದರ ನಡುವಿಗೆ ಮತ್ತೆ ತೆರೆದರೆ ಹತ್ತು ಸಲ ತೆರೆಯುವಷ್ಟರಲ್ಲಿ ಆ ಪುಟ ಸಿಕ್ಕಿಯೇ ಸಿಗುತ್ತದೆ. ಕಂಪ್ಯೂಟರು ಕೋಟಿ ಹೆಸರುಗಳಲ್ಲಿ ಒಂದನ್ನು ಹುಡುಕುವ ರಹಸ್ಯಗಳಲ್ಲಿ ಇದೂ ಒಂದು. ಇದನ್ನು ಆಡುತ್ತ ಮಗುವು ಅಕ್ಷರಮಾಲೆಯನ್ನೂ ಕಲಿಯುತ್ತದೆ, ಅರ್ಧಿಸುವ ಲೆಕ್ಕವನ್ನೂ ಕಲಿಯುತ್ತದೆ. ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಹುಡುಗಿಗೆ “ಇದನ್ನು ನಾಲ್ಕು ಸಲ ಮಾಡು” ಎಂಬುದರ ಅರ್ಥವನ್ನು ಹೇಳಿಕೊಡಬೇಕೇ? ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಬೀಡಿ ಕಟ್ಟಿ ಸಂಸಾರ ತೂಗಿಸಿದ ತಾಯಂದಿರು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ಇಪ್ಪತ್ತೈದಕ್ಕೊಂದು ಕಟ್ಟು ಮಾಡುವ ಕ್ರಮವನ್ನು ತಪ್ಪದೆ ನಡೆಸಿದವರು. ಕ್ರಮವೆಂಬುದು ಬಡವರ ಮನೆಗೆ ಹೊಸದಲ್ಲ. ಅದಕ್ಕೆ ಹೆಸರಿಟ್ಟು ಹೇಳಿಕೊಟ್ಟವರಿಲ್ಲ.

ಎರಡನೆಯ ಆಕ್ಷೇಪ ಇತ್ತೀಚಿನದು. ಸಾಮಾನ್ಯ ಮಾತಿನಲ್ಲಿ ಕೇಳಿದರೆ ಕ್ರಮವಿಧಿಯನ್ನು ತಾವೇ ಬರೆದುಕೊಡುವ ಯಂತ್ರಗಳು ೨೦೨೨ರಿಂದೀಚೆಗೆ ಎಲ್ಲರ ಕೈಗೂ ಬಂದಿವೆ. ಇನ್ನು ಮಕ್ಕಳೇಕೆ ಕಲಿಯಬೇಕು? ಕೆಲಸಕ್ಕಾಗಿ ಕಲಿಯುವವರಿಗೆ ಈ ಪ್ರಶ್ನೆ ದೊಡ್ಡದು. ಜಾಹೀರಾತಿನ ಮಾತು ನಂಬಿ ಸಾಲ ಮಾಡಿದವರಿಗೆ ಇನ್ನೂ ದೊಡ್ಡದು. ಆದರೆ ಪತ್ರ ಬರೆದುಕೊಡುವ ಚುರುಕಾದ ಬರಹಗಾರ ಊರಿಗೆ ಬಂದನೆಂದು ಓದುವುದನ್ನು ಮರೆತರೆ ಆಗುವುದೇನು? ಬರೆಯುವವನು ಹೆಚ್ಚು ಚುರುಕಾದಷ್ಟೂ ಓದಿ ನೋಡುವವನ ಎಚ್ಚರ ಹೆಚ್ಚಬೇಕು. ಆ ಯಂತ್ರಗಳು ತಪ್ಪನ್ನೂ ಅಷ್ಟೇ ಧೈರ್ಯದಿಂದ ಬರೆಯುತ್ತವೆ ಎಂಬುದನ್ನು ಬಳಸಿದವರೆಲ್ಲ ಬಲ್ಲರು.

ಇನ್ನು ಭಾಷೆ. ಜ್ಞಾನವು ಸಂಸ್ಕೃತದಲ್ಲಿ ಬೀಗ ಹಾಕಿಕೊಂಡಿದ್ದ ಕಾಲದಲ್ಲಿ ಶರಣರು ಅದನ್ನು ಅಂಬಿಗ, ಮಾದಾರ, ಮಡಿವಾಳರ ಕನ್ನಡಕ್ಕೆ ತಂದರು. ಅಕ್ಕಮಹಾದೇವಿಯವರಲ್ಲದೆ ಮೂವತ್ತಕ್ಕೂ ಹೆಚ್ಚು ಶರಣೆಯರು ಆ ಭಾಷೆಯಲ್ಲಿ ವಚನಗಳನ್ನು ರಚಿಸಿದರು. ಇಂದಿನ ಬೀಗ ಇಂಗ್ಲಿಷಿನದು. ಕನ್ನಡದಲ್ಲಿ ಈ ವಿದ್ಯೆ ಸಾಧ್ಯವೇ ಎಂದು ಸಂಶಯಪಡುವವರು ವಾಮಂಜೂರಿನಿಂದ ದಕ್ಷಿಣಕ್ಕೆ ನೋಡಬೇಕು. ತಲಪಾಡಿಯ ಗಡಿ ದಾಟಿದರೆ ಕಾಸರಗೋಡು ಜಿಲ್ಲೆ. ರಾಜ್ಯ ಕೇರಳ, ಆದರೂ ಕನ್ನಡ ಮಾಧ್ಯಮದ ಶಾಲೆಗಳು ಅಲ್ಲಿ ನಡೆದುಕೊಂಡು ಬಂದಿವೆ. ಕೇರಳವು ೨೦೦೧ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯನ್ನು ಆರಂಭಿಸಿ, ಮುಂದೆ ಎಸ್ಸೆಸ್ಸೆಲ್ಸಿಯಲ್ಲಿಯೂ ಅದನ್ನು ಪರೀಕ್ಷೆಯ ವಿಷಯವಾಗಿಸಿತು. ಬೆಲೆ ಕೊಟ್ಟು ಕೊಳ್ಳಬೇಕಾದ ತಂತ್ರಾಂಶಗಳನ್ನು ಬಿಟ್ಟು, ಯಾರು ಬೇಕಾದರೂ ತೆರೆದು ನೋಡಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶಗಳನ್ನೇ ಶಾಲೆಗಳಲ್ಲಿ ಬಳಸಿತು. ಅದರ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷುಗಳಲ್ಲದೆ ತಮಿಳು, ಕನ್ನಡಗಳಲ್ಲಿಯೂ ಅಚ್ಚಾಗುತ್ತವೆ. ಚಿತ್ರದ ತುಂಡುಗಳನ್ನು ಜೋಡಿಸಿ ಕ್ರಮವಿಧಿ ಮಾಡುವ ಸ್ಕ್ರ್ಯಾಚ್, ಅದರ ಮೇಲಿನ ಮೆಟ್ಟಲಾದ ಪೈಥಾನ್, ಇವುಗಳ ಪಾಠಗಳನ್ನು ಕಾಸರಗೋಡಿನ ಮಗು ಕನ್ನಡ ಪುಸ್ತಕದಿಂದ ಓದುತ್ತದೆ. ಕನ್ನಡದ ರಾಜ್ಯದಲ್ಲಿರುವ ವಾಮಂಜೂರಿನ ಮಗುವಿಗೆ ಐವತ್ತು ಕಿಲೋಮೀಟರು ದೂರದ, ಬೇರೆ ರಾಜ್ಯದ ಕನ್ನಡ ಮಗುವಿನ ಮೇಲೆ ಅಸೂಯೆ ಬಂದರೆ ಅದನ್ನು ತಪ್ಪೆನ್ನಲಾದೀತೇ?

ಉತ್ತರದ ಕಡೆಗೂ ನೋಡಬಹುದು. ವಾಮಂಜೂರಿನ ದಾರಿಯಲ್ಲಿಯೇ ಮುಂದೆ ಹೋಗಿ ಗುರುಪುರ ದಾಟಿದರೆ ಕಿನ್ನಿಕಂಬಳವೆಂಬ ಊರಿದೆ. ೧೯೪೦ರಲ್ಲಿ ಹುಟ್ಟಿದ ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ಕೆ. ಪಿ. ರಾವ್ ಅವರು, ಆ ಹೆಸರನ್ನು ಹೊತ್ತವರು. ಕನ್ನಡದ ಒತ್ತಕ್ಷರ, ಕಾಗುಣಿತಗಳನ್ನೆಲ್ಲ ಕೀಲಿಮಣೆಯ ಕೆಲವೇ ಕೀಲಿಗಳಲ್ಲಿ ಹಿಡಿಸುವುದು ಹೇಗೆಂಬುದು ದೊಡ್ಡ ತೊಡಕಾಗಿತ್ತು. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ಆಕಾರವನ್ನು ತುಂಡುತುಂಡು ಮಾಡಿ ಜೋಡಿಸಬೇಕಿತ್ತು. ರಾಯರು ಆಕಾರವನ್ನು ಬಿಟ್ಟು ಧ್ವನಿಯನ್ನು ಹಿಡಿದರು. ವ್ಯಂಜನವನ್ನು ಒತ್ತಿ ಸ್ವರವನ್ನು ಒತ್ತಿದರೆ ಸಾಕು, ಕಾಗುಣಿತ ತಾನೇ ಕೂಡಿಕೊಳ್ಳುವುದು. ಬಾಲಬೋಧೆಯಲ್ಲಿ ಮಗು ಕಲಿಯುವ ಕ್ರಮವೇ ಅದು. ಆ ವಿನ್ಯಾಸವನ್ನು ಅವರು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ಸೇಡಿಯಾಪು ಎಂದೇ ಹೆಸರಿಟ್ಟರು. ಕರ್ನಾಟಕ ಸರಕಾರವು ಮಾನ್ಯ ಮಾಡಿದ ಕೀಲಿಮಣೆಗೆ ಆ ವಿನ್ಯಾಸವೇ ಆಧಾರ. ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ, ಮಠಗಳಲ್ಲಿ ಕನ್ನಡ ಬೆರಳಚ್ಚಿಸುವವರು ಅವರ ಹೆಸರು ಕೇಳದೆಯೂ ಅವರ ಋಣದಲ್ಲಿದ್ದಾರೆ. ದಾಸೋಹವೆಂದರೆ ಅನ್ನವೊಂದೇ ಅಲ್ಲವೆಂಬುದಕ್ಕೆ ಬೇರೆ ನಿದರ್ಶನ ಹುಡುಕಬೇಕಾಗಿಲ್ಲ.

ಎಷ್ಟು ಕಲಿಸಬೇಕೆಂಬುದರಲ್ಲಿ ಮಿತಿ ಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇಷ್ಟೇಕೆಂದು ಕೇಳಿ ಹಿಂದಿರುಗಿಸಲು ಹೇಳಿದ ಲಕ್ಕಮ್ಮನವರ ಕಥೆ ಮನೆಮನೆಗೂ ಗೊತ್ತು. ವಾರಕ್ಕೆ ಒಂದೋ ಎರಡೋ ಗಂಟೆ, ಆರರಿಂದ ಎಂಟನೆಯ ತರಗತಿಯವರೆಗೆ, ಅಂಕಗಳ ಪೈಪೋಟಿಯಿಲ್ಲದೆ. ಅದರ ಮೇಲೆ ಆಸೆಯುಳ್ಳವರು ತಾವಾಗಿ ಮುಂದುವರಿಯಲಿ. ಕಡ್ಡಾಯ ಮಾಡಿದ ಮಾತ್ರಕ್ಕೆ ಸಾಲದೆಂಬುದಕ್ಕೆ ಇಂಗ್ಲೆಂಡೇ ಸಾಕ್ಷಿ. ಮೂರು ವರ್ಷಗಳ ಅನಂತರ, ೨೦೧೭ರಲ್ಲಿ, ಅಲ್ಲಿನ ರಾಯಲ್ ಸೊಸೈಟಿಯು ವಿಚಾರಿಸಿ ನೋಡಿದಾಗ ಕಲಿಸಬಲ್ಲ ಅಧ್ಯಾಪಕರೇ ಸಾಲದಾಗಿದ್ದರು. ಹದಿನಾರರ ವಯಸ್ಸಿನ ಪರೀಕ್ಷೆಗೆ ಈ ವಿಷಯವನ್ನು ಆರಿಸಿಕೊಂಡವರಲ್ಲಿ ಹುಡುಗಿಯರು ಸುಮಾರು 'ಐವರಲ್ಲೊಬ್ಬರು' ಮಾತ್ರ. ೧೯೪೬ರಲ್ಲಿ ಅಮೆರಿಕೆಯ ಎನಿಯಾಕ್ ಎಂಬ ಮಹಾಯಂತ್ರಕ್ಕೆ ಕ್ರಮವಿಧಿಗಳನ್ನು ಸಿದ್ಧಪಡಿಸಿದವರು ಆರು ಮಂದಿ ಹೆಂಗಸರು ಎಂಬುದನ್ನು ಆ ಹುಡುಗಿಯರಿಗೆ ಯಾರೂ ಹೇಳಿರಲಿಲ್ಲವೋ ಏನೋ.

ಕಲಿಸುವವರು ಯಾರು ಎಂಬ ಪ್ರಶ್ನೆಯೇ ಕೊನೆಗೆ ಉಳಿಯುವುದು. ಹಳ್ಳಿಯ ಶಾಲೆಯ ಮೇಷ್ಟರ ಮೇಲೆ ಇನ್ನೊಂದು ಹೊರೆ ಹೊರಿಸಿ ಸುಮ್ಮನಾಗುವುದು ಸುಲಭ. ಬೀಗ ಹಾಕಿದ ಕೋಣೆಯಲ್ಲಿ ಧೂಳು ಹಿಡಿಯುವ ಕಂಪ್ಯೂಟರುಗಳನ್ನು ನಾಡು ಬೇಕಾದಷ್ಟು ಕಂಡಿದೆ. ಆದರೆ ಇದೇ ನಾಡಿನಲ್ಲಿ ಮಠಗಳು ಇಂಜಿನಿಯರಿಂಗ್ ಕಾಲೇಜುಗಳನ್ನು ಕಟ್ಟಿವೆ. ೧೯೬೩ರಲ್ಲಿ ತುಮಕೂರಿನಲ್ಲಿ ಸಿದ್ಧಗಂಗಾ ಮಠದ ತಾಂತ್ರಿಕ ವಿದ್ಯಾಲಯವೂ, ಅದೇ ವರ್ಷ ಮೈಸೂರಿನಲ್ಲಿ ಸುತ್ತೂರು ಮಠದ ಸಂಸ್ಥೆಯಿಂದ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜೂ ಆರಂಭವಾದವು. ಆ ಮಠಗಳ ನೆರಳಿನಲ್ಲಿಯೇ ಉಚಿತ ಪ್ರಸಾದನಿಲಯಗಳಿವೆ. ಕನ್ನಡ ಮಾಧ್ಯಮದಲ್ಲಿ ಓದುವ ಸಾವಿರಾರು ಮಕ್ಕಳು ಅಲ್ಲಿ ಉಂಡು ಮಲಗುತ್ತಾರೆ. ಕಾಲೇಜಿನ ತರುಣನೊಬ್ಬನು ಶನಿವಾರದ ಮಧ್ಯಾಹ್ನ ಪಕ್ಕದ ನಿಲಯಕ್ಕೆ ಹೋಗಿ, ಕೈಯಲ್ಲೊಂದು ನಿಘಂಟು ಹಿಡಿದು, ಹತ್ತು ಸಲ ತೆರೆದು ಶಬ್ದ ಹುಡುಕುವ ಆಟವನ್ನು ಕನ್ನಡದಲ್ಲಿ ಆಡಿಸುವುದಕ್ಕೆ ಸರಕಾರದ ಆದೇಶ ಬೇಕಿಲ್ಲ, ಹಣವೂ ಬೇಕಿಲ್ಲ. ವಾಮಂಜೂರಿನಲ್ಲಾದರೂ ಕಾಲೇಜಿನಿಂದ ಕನ್ನಡ ಶಾಲೆಗೆ ನಡೆದುಕೊಂಡೇ ಹೋಗಬಹುದು.